ಎರಡು ಮಾರು ದೂರ

ಅಮೆರಿಕದ ಮಾರ್ಲೀನ್ ಬಂದು ತಬ್ಬಿಕೊಂಡಾಗ ಲಾಮಾಸುಕುವಿನ ಕೈಗಳೆರಡೂ ಮೊಣಕೈವರೆಗೆ ಸೋಪಿನ ನೊರೆಯಲ್ಲಿದ್ದವು. ಅದಕ್ಕೇ ಬಿಡಿಸಿಕೊಳ್ಳಲಾಗಲಿಲ್ಲ ಎಂದು, ಆಮೇಲೆ ಯಾರಾದರೂ ಕೇಳಿದರೆ ಹೇಳಬಹುದಿತ್ತು. ಯಾರೂ ಕೇಳಲಿಲ್ಲ. ಅಡುಗೆಮನೆಯ ಮೆಟ್ಟಿಲ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದ ಹೆಂಗಸರು ಮಾತ್ರ ಒಟ್ಟಿಗೆ ಉಸಿರು ಬಿಗಿಹಿಡಿದು, ಒಟ್ಟಿಗೆ ಬೇರೆ ಕಡೆ ನೋಡಿದರು.

ಮೈಮೇಲೆ ಕಪ್ಪು ಬಟ್ಟೆ ಇರುವ ಹೆಂಗಸನ್ನು ಮುಟ್ಟುವುದಿಲ್ಲ. ಆಫ್ರಿಕಾದ ಈ ಸ್ವಾಜಿ ಗುಡ್ಡಗಳಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ಗಂಡ ಸತ್ತವಳು ಎರಡು ಚಳಿಗಾಲ ಕಳೆಯುವವರೆಗೆ ಕಪ್ಪು ಉಡಬೇಕು. ಕೈ ಕುಲುಕಬಾರದು, ದನಿ ಎತ್ತಬಾರದು, ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕು. ಚರ್ಚಿನಲ್ಲಿ ಬಾಗಿಲ ಪಕ್ಕದ ಚಾಪೆ ಅವಳದು. ಮನ್ಜಿನಿ ಪೇಟೆಗೆ ಹೋಗುವ ವ್ಯಾನಿನಲ್ಲಿ ಹಿಂದಿನ ಮೂಲೆ ಅವಳದು. ಬಾಗಿಲಿಗೆ ಜನ ಜೋತುಬಿದ್ದಿದ್ದರೂ ಅವಳ ಪಕ್ಕದ ಸೀಟು ಖಾಲಿ. ಇದರಲ್ಲಿ ದ್ವೇಷವೇನೂ ಇಲ್ಲ. ಜನ ದೂರ ನಿಂತು, ಕಣ್ಣು ತಗ್ಗಿಸಿ, ಬಹಳ ಮರ್ಯಾದೆಯಿಂದ ಕ್ಷೇಮ ವಿಚಾರಿಸುತ್ತಾರೆ. ಗಂಡ ಬದುಕಿದ್ದಾಗ ಲಾಮಾಸುಕುವಿಗೆ ಇದರಲ್ಲಿ ಅರ್ಧದಷ್ಟು ಮರ್ಯಾದೆಯನ್ನೂ ಯಾರೂ ಕೊಟ್ಟಿರಲಿಲ್ಲ.

ಅವಳ ಗಂಡ ಮಾವಿಂಬೆಲಾ ಎಂಬವನು ಕಬ್ಬಿನ ತೋಟವೊಂದರಲ್ಲಿ ಟ್ರ್ಯಾಕ್ಟರು ಓಡಿಸುತ್ತಿದ್ದ. ಕ್ರಿಸ್ಮಸ್ಸಿಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ, ಎದೆ ಯಾಕೋ ಹಿಡಿದ ಹಾಗಿದೆ ಎಂದು ಮರದ ನೆರಳಿಗೆ ಕೂತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಅಂಗಳದ ಆಚೆಯ ಗುಡಿಸಲಿನಲ್ಲಿ ಅತ್ತೆ ಇದ್ದಳು. ಇಬ್ಬರ ನಡುವೆ ಮುದ್ದೆಯ ಬಟ್ಟಲು ಓಡಾಡುತ್ತಿತ್ತು, ಮಾತು ಅಷ್ಟಾಗಿ ಓಡಾಡುತ್ತಿರಲಿಲ್ಲ.

ಮಿಷನ್ನಿಗೆ ಪ್ರತಿ ಜುಲೈನಲ್ಲಿ, ಅಲ್ಲಿನ ಚಳಿಗಾಲದ ನಡುವೆ, ಅಮೆರಿಕದ ಟೆನೆಸಿ ಕಡೆಯ ಒಂದು ಚರ್ಚಿನಿಂದ ತಂಡ ಬರುತ್ತಿತ್ತು. ಬಂದು ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಿತ್ತು. ಗೋಡೆಗೆ ಅದರ ಅಗತ್ಯವಿತ್ತು ಎಂದಲ್ಲ, ತಂಡಕ್ಕಿತ್ತು. ಹೋದ ವರ್ಷದ ಹಳದಿ ಮಾಸುವ ಮೊದಲೇ ಈ ವರ್ಷದ ನೀಲಿ ಬಂದಿತ್ತು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಬಣ್ಣ, ಮಧ್ಯಾಹ್ನ ಮಕ್ಕಳಿಗೆ ಗೊಂಬೆಯಾಟದಲ್ಲಿ ನೋಹನ ಕಥೆ, ಸಂಜೆ ಗಿಟಾರು. ನೋಹನ ಕಥೆ ಮಕ್ಕಳಿಗೆ ಬಾಯಿಪಾಠವಾಗಿತ್ತು. ಆದರೂ ಪ್ರವಾಹ ಬರುವ ಹೊತ್ತಿಗೆ, ಬಂದವರಿಗೆ ಬೇಸರವಾಗಬಾರದೆಂದು, ಎಲ್ಲರೂ ಕೂಡಿ ಹೆದರಿಕೊಳ್ಳುತ್ತಿದ್ದರು.

ಈ ತಂಡಗಳಿಗೆ ಮೊದಲಿನಿಂದಲೂ ಅಡುಗೆ ಮಾಡಿದವಳು ಲಾಮಾಸುಕುವೇ. ಈ ಸಲ, ಕಪ್ಪು ಉಟ್ಟವಳ ಕೈಯ ಊಟವನ್ನು ಪರದೇಶದವರಿಗೆ ಬಡಿಸುವುದು ಹೇಗೆ ಎಂದು ಯೋಚಿಸಿ, ಪಾಸ್ಟರಮ್ಮ ಅವಳನ್ನು ಹಿತ್ತಲಿನ ಬಟ್ಟೆ ಒಗೆಯುವ ತೊಟ್ಟಿಗೆ ಕಳಿಸಿದ್ದರು. ಅಮೆರಿಕದವರ ಕಾಲುಚೀಲದ ಬಗ್ಗೆ ಹಿರಿಯರು ಯಾವ ಕಟ್ಟಳೆಯನ್ನೂ ಹೇಳಿಹೋಗಿರಲಿಲ್ಲ. ಪಾಸ್ಟರಮ್ಮನೇ ತಂಡಕ್ಕೆ ದುಭಾಷಿ. ಊರಿನದನ್ನು ಅವರಿಗೆ, ಅವರದನ್ನು ಊರಿಗೆ ದಾಟಿಸುತ್ತ ದಾಟಿಸುತ್ತ ಎರಡೂ ಕಡೆಯವರಿಗೆ ನೋವಾಗದಷ್ಟನ್ನೇ ದಾಟಿಸುವುದು ಆಕೆಗೆ ಅಭ್ಯಾಸವಾಗಿಹೋಗಿತ್ತು.

ಮಾರ್ಲೀನ್ ಅರವತ್ತು ದಾಟಿದ ದೊಡ್ಡ ಮೈಯ ಹೆಂಗಸು. ತನ್ನೂರಿನಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಮಂಡಿನೋವಿನಿಂದ ಏಣಿ ಹತ್ತುವಂತಿರಲಿಲ್ಲ; ಕೆಳಗೆ ನಿಂತರೆ ಮೇಲಿನವರ ಬ್ರಷ್ಷಿನ ನೀಲಿಯೆಲ್ಲ ಅವಳ ತಲೆಗೇ. ಎರಡನೆಯ ದಿನವೇ ಒಂದು ಮರದ ಸ್ಟೂಲು ಎತ್ತಿಕೊಂಡು ಹಿತ್ತಲಿಗೆ ಬಂದಳು. ಬಂದವಳು ಮೊದಲು ಮಾಡಿದ ಕೆಲಸ ತಬ್ಬಿಕೊಂಡದ್ದು. ಅವಳ ಊರಿನಲ್ಲಿ ಅದು ನಮಸ್ಕಾರವಂತೆ.

ಮರುದಿನವೂ ಬಂದಳು, ಅದರ ಮರುದಿನವೂ. ಸ್ಟೂಲನ್ನು ತೊಟ್ಟಿಗೆ ತಾಗಿಸಿ ಕೂತು, ಒಗೆದದ್ದನ್ನು ಇನ್ನೊಂದು ತುದಿ ಹಿಡಿದು ಹಿಂಡಲು ನೆರವಾಗುತ್ತಿದ್ದಳು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬರುತ್ತಿರಲಿಲ್ಲ. ಇದರಿಂದ ಮಾತಿಗೆ ತುಂಬ ಅನುಕೂಲವಾಯಿತು. ಮಾರ್ಲೀನ್ ಏನನ್ನೋ ಉದ್ದಕ್ಕೆ ಹೇಳುತ್ತಿದ್ದಳು, ನಡುವೆ ತಾನೇ ನಗುತ್ತಿದ್ದಳು. ಲಾಮಾಸುಕು ತನ್ನ ಸರದಿ ಬಂದಾಗ ಅತ್ತೆಗಾಗಲಿ ಪಾಸ್ಟರಿಗಾಗಲಿ ಹೇಳಲಾಗದ್ದನ್ನು ಹೇಳುತ್ತಿದ್ದಳು.

"ಜಿಪುಣ ಕಣಮ್ಮ ಅವನು. ನಿದ್ದೇಲಿ ನನ್ನ ಕಂಬಳೀನೂ ಎಳ್ಕೊಂಡು ಹೊದಿತಿದ್ದ. ಈಗ ಎರಡೂ ನಂದೇ. ಚಳಿ ಮಾತ್ರ ಹೋಗಲ್ಲ."

ಮಾರ್ಲೀನ್ ಅವಳ ಹೆಗಲ ಮೇಲೆ ಕೈಯಿಟ್ಟು, ಹೌದು ಹೌದು ಎನ್ನುವಂತೆ ಏನೋ ಅಂದಳು. ಆ ಕೈ ಬಿಸಿಯಾಗಿ, ಭಾರವಾಗಿ ಅಲ್ಲೇ ಬಹಳ ಹೊತ್ತು ಇತ್ತು. ಲಾಮಾಸುಕು ಅಷ್ಟು ಹೊತ್ತೂ ಒಂದೇ ಅಂಗಿಯನ್ನು ತಿಕ್ಕಿದಳು.

ಮೆಟ್ಟಿಲ ಮೇಲಿನವರು ಲೆಕ್ಕಾಚಾರಕ್ಕೆ ಇಳಿದಿದ್ದರು. ಈ ಅಜ್ಜಿ ಊರು ಮುಟ್ಟುವುದರೊಳಗೆ ಅವಳ ಗಂಡನ ಕಥೆ ಮುಗಿದ ಹಾಗೇ ಎಂದು ಒಬ್ಬಳೆಂದಳು. ಅವಳಿಗೆ ಗಂಡನೇ ಇಲ್ಲವಂತೆ, ಇಬ್ಬರನ್ನು ಬಿಟ್ಟಿದ್ದಾಳಂತೆ ಎಂದು ಇನ್ನೊಬ್ಬಳು.

"ಹಂಗಾದ್ರೆ ನಷ್ಟ ಇಲ್ಲ ಬಿಡು," ಎಂದಳು ಬೊನಿಸಿವೆ. ಅಡುಗೆಮನೆಯ ಹೊಸ ಯಜಮಾನಿ ಅವಳೇ. "ತೊಗೊಂಡು ಹೋಗೋಕೆ ಏನಾದ್ರೂ ಇದ್ರಲ್ವಾ ಹೋಗೋದು."

ನಗು ಹೆಚ್ಚು ದಿನ ಬಾಳಲಿಲ್ಲ. ಗುರುವಾರ ಮಾರ್ಲೀನಳ ಮಂಡಿ ಊದಿ ಎಳೆಯ ಸೋರೆಕಾಯಿಯಂತಾಯಿತು. ಆ ಮಂಡಿ ಟೆನೆಸಿಯಲ್ಲೂ ಚಳಿಗೆ ಊದುತ್ತಿತ್ತು ಎನ್ನುವುದು ಊರಿಗೆ ಬೇಕಿರದ ಸಂಗತಿ. ಅಂದು ಮಧ್ಯಾಹ್ನವೇ ಲಾಮಾಸುಕುವಿನ ಅತ್ತೆ ಕೋಲೂರಿಕೊಂಡು ಗುಡ್ಡ ಹತ್ತಿ ಪಾಸ್ಟರಮ್ಮನ ಮನೆಗೆ ಬಂದಳು. ತನ್ನ ಸೊಸೆ ಪರದೇಶದವಳ ಮೇಲೆ ಕೇಡು ಹತ್ತಿಸುತ್ತಿದ್ದಾಳೆ, ನಾಳೆ ಹೆಸರು ಕೆಡುವುದು ಸತ್ತ ಮಗನದು ಎಂದಳು. ಚಹಾ ಕುಡಿದು ಹೋದಳು.

ಪಾಸ್ಟರಮ್ಮ ಹಿತ್ತಲಿಗೆ ಬಂದು, ತೊಟ್ಟಿಯಿಂದ ಎರಡು ಮಾರು ದೂರದಲ್ಲಿ ನಿಂತರು. ಮದುವೆಯಾಗಿ ಒಂದೇ ವರ್ಷ ಈ ಊರಿಗೆ ಬಂದವರು ಇವರಿಬ್ಬರು; ಒಂದು ಕಾಲದಲ್ಲಿ ಒಬ್ಬರ ತಲೆ ಒಬ್ಬರು ಹೆಣೆದುಕೊಟ್ಟವರು.

"ನೀನೇ ಹಿಂದೆ ಸರೀಬೇಕಿತ್ತು. ಅವರಿಗೆ ಗೊತ್ತಿಲ್ಲ, ನಿಂಗೆ ಗೊತ್ತಿದೆ."

"ಗೊತ್ತಿದೆ."

"ಮತ್ತೆ?"

ಲಾಮಾಸುಕು ಕೈಯಲ್ಲಿದ್ದ ಅಂಗಿಯನ್ನು ಹಿಂಡಿ, ಕೊಡವಿ, ತಂತಿಗೆ ಹಾಕಿದಳು. ಆಮೇಲೆ, ಕಟ್ಟಳೆಯಂತೆ ತಗ್ಗಿದ ದನಿಯಲ್ಲೇ ಅಂದಳು:

"ಕೋಳಿ ಮೈ ಬೆಚ್ಚಗಿರುತ್ತೆ ಪಾಸ್ಟರಮ್ಮ. ಸಂಜೆ ಗೂಡಿಗೆ ಹಾಕುವಾಗ ಒಂದೊಂದನ್ನೇ ಎತ್ತಿ ಸ್ವಲ್ಪ ಹೊತ್ತು ಹಿಡ್ಕೊಂಡಿರ್ತೀನಿ. ಅವೂ ಬಿಡಿಸ್ಕೊಳ್ಳೋಕೆ ಒದ್ದಾಡ್ತವೆ." ತೊಟ್ಟಿಯಿಂದ ಇನ್ನೊಂದು ಅಂಗಿ ಎತ್ತಿಕೊಂಡು, "ಭಾನುವಾರ ಇವರು ಹೊರಟುಹೋಗ್ತಾರೆ. ಅಲ್ಲೀವರೆಗೆ ಅವಳಿಗೆ ಹೇಳ್ಬೇಡಿ. ಅಷ್ಟೇ ನಾನು ಕೇಳೋದು."

ಪಾಸ್ಟರಮ್ಮ ಶಾಲನ್ನು ಬಿಗಿಯಾಗಿ ಸುತ್ತಿಕೊಂಡರು. ಒಂದು ಹೆಜ್ಜೆ ಮುಂದಿಟ್ಟವರು, ಮೆಟ್ಟಿಲ ಕಡೆ ನೋಡಿ, ಅದನ್ನು ಹಿಂದಕ್ಕೆ ತೆಗೆದುಕೊಂಡರು. ಪ್ರಾರ್ಥನೆ ಮಾಡಿ ನೋಡುತ್ತೇನೆ ಎಂದು ಹೇಳಿ ಹೋದರು. ಮಾಡಿದರು ಕೂಡ. ಬಂದ ಉತ್ತರ ಅತ್ತೆಯ ಅಭಿಪ್ರಾಯಕ್ಕೆ ಹೊಂದಿಕೊಂಡೇ ಇತ್ತು.

ಸಂಜೆ ಗಿಟಾರಿಗೆ ಮುಂಚೆ ಅವರು ತಂಡಕ್ಕೆಲ್ಲ ವಿಷಯ ಬಿಡಿಸಿ ಹೇಳಿದರು. ಬಹಳ ನಾಜೂಕಾಗಿ, ಯಾರದೂ ತಪ್ಪಿಲ್ಲ ಎನ್ನುವಂತೆ ಹೇಳಿದರು. ತಂಡದ ಮುಖಂಡ ಬ್ರೆಟ್ ಎಂಬ ಯುವಕ. ಬೇರೆ ಜನರ ಪದ್ಧತಿಯನ್ನು ಗೌರವಿಸಬೇಕು ಎಂದು ಹೊರಡುವ ಮೊದಲು ಅವನು ಇವರಿಗೆಲ್ಲ ಮೂರು ವಾರ ಪಾಠ ಮಾಡಿದ್ದ. ಗೌರವಿಸುವುದಕ್ಕೆ ಕೊನೆಗೂ ಒಂದು ಪದ್ಧತಿ ಸಿಕ್ಕಿತೆಂದು ಅವನ ಮುಖ ಬೆಳಗಿತು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಮಾರ್ಲೀನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಂದ್ರೆ ನಾನು ದಿನಾ ಅವಳಿಗೆ ಹಿಂಸೆ ಕೊಡ್ತಿದ್ನಾ?" ಎಂದು ಕೇಳಿದಳು. "ಪಾಪ, ಒಂದು ಮಾತೂ ಆಡ್ಲಿಲ್ವಲ್ಲ ಅವಳು."

ಹಿತ್ತಲಿನಲ್ಲಿ ಕೇಳಿದ ಮಾತು ಪಾಸ್ಟರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಕೋಳಿಗಳ ವಿಷಯವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗಲೇ ಬ್ರೆಟ್ ಕಣ್ಣು ಮುಚ್ಚಿ ಸ್ತೋತ್ರ ಶುರುಮಾಡಿಬಿಟ್ಟ. ಆಮೇಲೆ ಮಾರ್ಲೀನ್ ಅವರನ್ನು ಬದಿಗೆ ಕರೆದು, ಇಂಥವರೊಡನೆ ಸರಿಯಾಗಿ ಹೇಗೆ ನಡೆದುಕೊಳ್ಳಬೇಕು, ಏನು ಮಾತಾಡಬೇಕು, ಕಲಿಸಿಕೊಡಿ ಎಂದು ಬೇಡಿಕೊಂಡಳು. ಪಾಸ್ಟರಮ್ಮ ಕಲಿಸಿಕೊಟ್ಟರು.

ಶುಕ್ರವಾರ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಲಾಮಾಸುಕು ನೀರು ಕಾಯಿಸಿ ತೊಟ್ಟಿಗೆ ಸುರಿದು, ತಂಡದವರ ಹಾಸಿಗೆ ಬಟ್ಟೆ ನೆನೆಹಾಕುತ್ತಿದ್ದಳು. ಸ್ಟೂಲು ಹಿಡಿದು ಕುಂಟುತ್ತ ಬರುತ್ತಿದ್ದ ಮಾರ್ಲೀನಳನ್ನು ಕಂಡು ಸೊಂಟ ನೆಟ್ಟಗೆ ಮಾಡಿದಳು. ನೊರೆ ಮೆತ್ತಿಸಬಾರದೆಂದು ಕೈಗಳನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು ಕಾದಳು.

ಮಾರ್ಲೀನ್ ಎರಡು ಮಾರು ದೂರದಲ್ಲಿ ನಿಂತಳು. ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ, ತಲೆ ತಗ್ಗಿಸಿ, ಸತ್ತವನ ಮನೆತನದ ಹೆಸರು ಹಿಡಿದು, ನಿಮ್ಮ ದುಃಖಕ್ಕೆ ಹಿರಿಯರು ನೆರಳಾಗಲಿ ಎಂದು ಆ ಸೀಮೆಯ ಅಪ್ಪಟ ಸ್ವಾತಿ ಭಾಷೆಯಲ್ಲಿ ಹೇಳಿದಳು. ಒಂದು ಅಕ್ಷರ ತಪ್ಪಲಿಲ್ಲ. ರಾತ್ರಿ ಬಹಳ ಹೊತ್ತು ಅಭ್ಯಾಸ ಮಾಡಿರಬೇಕು.

ಮೆಟ್ಟಿಲ ಮೇಲಿನವರಿಗೆ ಸಮಾಧಾನವಾಯಿತು. ಬುದ್ಧಿ ಇದೆ ಅಜ್ಜಿಗೆ, ಹೇಳುವವರಿರಲಿಲ್ಲ ಅಷ್ಟೆ ಎಂದಳು ಬೊನಿಸಿವೆ.

ಇಂಥ ಮಾತಿಗೆ ಹೇಳಬೇಕಾದ ಉತ್ತರವೊಂದಿದೆ. ಏಳು ತಿಂಗಳಲ್ಲಿ ಲಾಮಾಸುಕು ಅದನ್ನು ಊರಿಗೆಲ್ಲ ಹೇಳಿದ್ದಳು, ಈಗಲೂ ಹೇಳಿದಳು. ಮಾರ್ಲೀನ್ ಸ್ಟೂಲನ್ನು ನಿಂತಲ್ಲೇ ಇಟ್ಟು ಕೂತಳು. ಎಂದಿನಂತೆ ತನ್ನ ಕಥೆ ತೆಗೆದಳು, ದೂರವಾದ್ದರಿಂದ ಸ್ವಲ್ಪ ಗಟ್ಟಿಯಾಗಿ. ಅವಳದು ಮುಗಿದು ಲಾಮಾಸುಕುವಿನ ಸರದಿ ಬಂತು. ಲಾಮಾಸುಕು ದನಿ ಎತ್ತುವಂತಿರಲಿಲ್ಲ. ಅವಳು ಅಂದದ್ದು ತೊಟ್ಟಿಯ ಅಂಚಿನವರೆಗೂ ಹೋಗಲಿಲ್ಲ. ಮಾರ್ಲೀನ್ ಅದಕ್ಕೂ ತಲೆಯಾಡಿಸಿದಳು.

ಹಾಸಿಗೆ ಬಟ್ಟೆ ಒಬ್ಬಳೇ ಹಿಂಡುವಂಥದ್ದಲ್ಲ. ಲಾಮಾಸುಕು ಅದರ ಒಂದು ತುದಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು ನೋಡಿದಳು, ತೊಟ್ಟಿಯ ಅಂಚಿಗೆ ಸುತ್ತಿ ನೋಡಿದಳು. ಆಮೇಲೆ ಅದನ್ನು ನೀರಿಗೇ ಬಿಟ್ಟು, ಮೆಟ್ಟಿಲ ಕಡೆ ಒಮ್ಮೆ ನೇರವಾಗಿ ನೋಡಿದಳು. ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ಅವರೆಲ್ಲ ನೋಡುತ್ತಿರುವಂತೆಯೇ ಅವಳು ಒದ್ದೆ ಕೈಯನ್ನು ಮೇಲೆತ್ತಿ, ಅಂಗೈ ನೆಲದ ಕಡೆ ಮಾಡಿ, ಬೆರಳುಗಳನ್ನು ಮೇಲೆ ಕೆಳಗೆ ಆಡಿಸುತ್ತ, ಆ ಸೀಮೆಯಲ್ಲಿ ಎಲ್ಲರೂ ಹತ್ತಿರದವರನ್ನು ಕರೆಯುವ ಹಾಗೆ ಮಾರ್ಲೀನಳನ್ನು ಕರೆದಳು. ಒಮ್ಮೆಯಲ್ಲ, ಎರಡು ಮೂರು ಸಲ.

ಟೆನೆಸಿಯಲ್ಲಿ ಕರೆಯುವವರ ಅಂಗೈ ಆಕಾಶ ನೋಡುತ್ತದೆ. ನೆಲ ನೋಡುವ ಅಂಗೈ, ಆಚೆ ಹೋಗು, ದೂರ ಸರಿ ಎನ್ನುತ್ತದೆ.

ಮಾರ್ಲೀನಳ ಮುಖ ಕೆಂಪಾಯಿತು. ಕ್ಷಮಿಸು ಎನ್ನುವ ಮಾತನ್ನೂ ಆ ಭಾಷೆಯಲ್ಲಿ ಕಲಿತು ಬಂದಿದ್ದಳು; ಅದನ್ನು ಹೇಳಿದಳು. ಊದಿದ ಮಂಡಿಯನ್ನು ಒತ್ತಿಕೊಂಡು ಎದ್ದು, ಸ್ಟೂಲನ್ನು ಹಿಂದಕ್ಕೆ, ಇನ್ನಷ್ಟು ಹಿಂದಕ್ಕೆ, ಶಾಲೆಯ ಹಸಿ ನೀಲಿ ಗೋಡೆಯ ತನಕ ಎಳೆದುಕೊಂಡು ಹೋಗಿ ಕೂತಳು. ಇಷ್ಟು ದೂರ ಸಾಕೇ ಎಂದು ಅಲ್ಲಿಂದ ಮುಗುಳ್ನಕ್ಕಳು.