ಕೆಳಗಿನ ಕೋಣೆ ಅತ್ತೆಗೆ

ಕೋರ್ಟಿನಿಂದ ವಿಚ್ಛೇದನದ ಕಾಗದ ಬಂದು ಒಂದು ತಿಂಗಳಾಗಿತ್ತು. ಕನ್ನಡಕದಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಪರೀಕ್ಷಿಸುವ ಸೊಸೆಗೆ ತನ್ನ ಮುಂದಿನ ದಾರಿ ಮಾತ್ರ ಮಸುಕು ಮಸುಕು. ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ಎರಡು ವರ್ಷವಾಗಿತ್ತು. ಅತ್ತೆ ಮಾತ್ರ ಇವಳ ಜೊತೆಯಲ್ಲೇ ಉಳಿದಿದ್ದರು. ಈಗ ಇಬ್ಬರೂ ಇದ್ದ ಏಳನೇ ಮಹಡಿಯ ಮನೆಯೂ ಮಾರಿಹೋಗಿ, ಎರಡು ತಿಂಗಳಲ್ಲಿ ಖಾಲಿ ಮಾಡಬೇಕಿತ್ತು. ಗಂಡ ಅತ್ತೆಗೆ ಫೋನು ಮಾಡಿ, "ಅಮ್ಮಾ, ನಿನಗೊಂದು ರೂಮು ರೆಡಿ ಇದೆ" ಎಂದಿದ್ದ. ಅತ್ತೆ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಕೇಳಲು ಸೊಸೆಗೆ ಬಾಯಿ ಬರಲಿಲ್ಲ. ಹೆತ್ತ ಮಗನ ಮನೆಗೆ ಹೋಗಬೇಡಿ ಎನ್ನಲು ತಾನು ಯಾವ ಊರ ದೊಣ್ಣೆನಾಯಕಿ?

ಆದರೂ ಪೇಪರಿನಲ್ಲಿ ಮನೆಯ ಜಾಹೀರಾತೊಂದರ ಮೇಲೆ ಅವಳ ಬೆರಳು ನಿಂತಿತು. ಕೆಳಗೊಂದು ಮಲಗುವ ಕೋಣೆ, ಮೇಲೊಂದು, ಹಿಂದೆ ಕೈತೋಟ. ಅತ್ತೆಗೆ ಮೆಟ್ಟಿಲು ಹತ್ತಿದರೆ ಮಂಡಿನೋವು. "ಸುಮ್ನೆ ನೋಡ್ಕೊಂಡು ಬರೋಣ ಬನ್ನಿ" ಎಂದಷ್ಟೇ ಹೇಳಿ ಕರೆದೊಯ್ದಳು.

ಬೀದಿಯೆಂದರೆ ಬೀದಿ! ಇತ್ತ ಸೈಕಲ್ ರಿಪೇರಿ, ಅತ್ತ ಹಣ್ಣಿನ ಗಾಡಿ, ಎದುರುಮನೆಯಲ್ಲಿ ಯಾರೋ ಕೊಳಲು ಕಲಿಯುತ್ತ ಒಂದೇ ಸ್ವರವನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ದಲ್ಲಾಳಿ ಬಾಗಿಲು ತೆರೆದವನೇ ಓಡಿಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿದ.

"ತುಂಬ ಪ್ರಶಾಂತವಾದ ಜಾಗ ಮೇಡಂ."

"ತೆಗೀರಿ ಅದನ್ನ," ಎಂದು ಅತ್ತೆ ತಾವೇ ತೆಗೆದರು. "ಏಳನೇ ಮಹಡೀಲಿ ಹದಿನೈದು ವರ್ಷ ಕಾಗೆ ಬಿಟ್ರೆ ಇನ್ನೊಬ್ರು ನನ್ನ ಮಾತಾಡಿಸಿಲ್ಲ."

ಅಷ್ಟು ಹೇಳಿ ನೇರ ಹಿತ್ತಲಿಗೆ ಹೋದರು. ತೋಟವೆಂದರೆ ನಾಲ್ಕು ಹಾಸಿಗೆ ಹಾಸುವಷ್ಟು ನೆಲ, ಮೊಣಕಾಲೆತ್ತರದ ಕಳೆ. ಅತ್ತೆ ಹೊಸ್ತಿಲ ಬಳಿಯ ಕಲ್ಲಿನ ಮೇಲೆ ಕೂತು ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದರು. ಪಕ್ಕದ ಗೋಡೆಯ ಮೇಲೆ ನೆರೆಮನೆಯಾಕೆಯ ತಲೆ ಕಾಣಿಸಿತು.

"ಮನೆ ನೋಡೋಕೆ ಬಂದ್ರಾ? ಮಳೆ ಬಂದ್ರೆ ಆ ಮೋರಿ ಕಟ್ಕೊಳ್ಳುತ್ತೆ, ಈಗ್ಲೇ ಹೇಳಿಬಿಟ್ಟಿದೀನಿ."

ದಲ್ಲಾಳಿಯ ಮುಖ ಇಂಗು ತಿಂದ ಮಂಗನಂತಾಯಿತು. ಅತ್ತೆಗೋ ಪರಮ ಸಂತೋಷ. "ನಿಜ ಹೇಳೋರು ಪಕ್ಕದಲ್ಲಿದ್ರೆ ಇನ್ನೇನು ಬೇಕು?" ಎನ್ನುತ್ತ ಹಳೆಯ ಗೆಳತಿಯರಂತೆ ಮಾತಿಗಿಳಿದರು.

ಮಾತು ತಪ್ಪಿಸಲು ದಲ್ಲಾಳಿ ಸೊಸೆಯ ಕಡೆ ತಿರುಗಿದ. "ಯಜಮಾನ್ರು ಯಾವಾಗ ಬಂದು ನೋಡ್ತಾರೆ ಮೇಡಂ?"

ಸೊಸೆ ಅತ್ತೆಯ ಕಡೆ ನೋಡಿದಳು. ಕೂತಲ್ಲೇ ಕಳೆ ಕೀಳುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು. "ಯಜಮಾನ್ರು ಗಿಜಮಾನ್ರು ಯಾರೂ ಇಲ್ಲಪ್ಪ. ಇರೋರು ನಾವಿಬ್ರೇ. ಕೆಳಗಿನ ಕೋಣೆ ನಂದು."

ಸೊಸೆ ಅವರ ಕೈಹಿಡಿದು ಎಬ್ಬಿಸಿ ಖಾಲಿ ಅಡುಗೆಮನೆಗೆ ಕರೆತಂದಳು. "ಅತ್ತೆ, ನಿಮ್ಮ ಮಗ ರೂಮು ಇಟ್ಟಿದಾರಲ್ಲ..."

"ಇಟ್ಟಿರ್ಲಿ. ನೆಂಟರ ಹಾಗೆ ಹೋಗಿ ನಾಲ್ಕು ದಿನ ಇದ್ದು ಬರ್ತೀನಿ. ಅವನೂ ನನ್ನ ಮಗನೇ, ಇಲ್ಲ ಅನ್ನಲ್ಲ." ಅತ್ತೆ ನಲ್ಲಿ ತಿರುಗಿಸಿ ಕೈಯ ಮಣ್ಣು ತೊಳೆದರು. "ಕೋರ್ಟ್‌ನೋರು ನಿನ್ನ ಗಂಡನಿಂದ ಬಿಡಿಸಿದ್ರು. ಅತ್ತೆಯಿಂದಲೂ ಬಿಡಿಸಿದೀವಿ ಅಂತ ಆ ಕಾಗದದಲ್ಲಿ ಎಲ್ಲಾದ್ರೂ ಬರೆದಿದೆಯೇನೇ?"

"ಇಲ್ಲ ಅತ್ತೆ."

"ಮತ್ತೆ? ಇರಿ ಅಂತ ನೀನು ಹೇಳ್ತೀಯ ಅಂತ ಒಂದು ತಿಂಗಳಿಂದ ಕಾದೆ. ಹೇಳ್ಲಿಲ್ಲ. ನಾನು ಭಾರ ಆದ್ನೇನೋ ಅಂದ್ಕೊಂಡೆ."

ಸೊಸೆಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನೀವೇ ಹೊರಡ್ತೀರಿ ಅಂದ್ಕೊಂಡಿದ್ದೆ," ಎಂದಳು. ಅತ್ತೆ ಒದ್ದೆ ಕೈಯಲ್ಲೇ ಅವಳ ತಲೆಗೆ ಮೊಟಕಿದರು.

ಆರು ವಾರಕ್ಕೆ ಸಾಮಾನು ಬಂದಿಳಿಯಿತು. ಮೊದಲ ಭಾನುವಾರ ಬೆಳಿಗ್ಗೆ ಸೊಸೆ ಮೇಲಿನ ಕೋಣೆಗೆ ಪರದೆ ಕಟ್ಟುತ್ತಿದ್ದಳು. ಕೆಳಗಿನಿಂದ ಅತ್ತೆಯ ದನಿ ಮೆಟ್ಟಿಲೇರಿ ಬಂತು.

"ಏನೇ, ಇಳಿದು ಬಾರೇ! ಅಕ್ಕಪಕ್ಕದೋರು ನಾಲ್ಕು ಜನ ಬಂದಿದಾರೆ, ಇಲ್ಲಿ ಕುರ್ಚಿ ಎರಡೇ ಇರೋದು!"

ಸೊಸೆ ಪರದೆಯನ್ನು ಅರ್ಧಕ್ಕೇ ಬಿಟ್ಟು, ಎರಡು ಕೈಗೆ ಎರಡು ಕುರ್ಚಿ ಹಿಡಿದು ಇಳಿದಳು.