ಮೂರನೆಯ ಮಾಲೀಕ

ಅಪ್ಪನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಏನು ಕೊಡುವುದೆಂದು ಸುರಕ್ಷಾ ಒಂದು ವರ್ಷ ಮೊದಲೇ ನಿರ್ಧರಿಸಿದ್ದಳು. ಅವರು ಯೌವನದಲ್ಲಿ ಓಡಿಸುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಅಪ್ಪ, ಅಂದರೆ ಮೂಡುಬಿದಿರೆಯ ಅಣ್ಣು ಅಡ್ಯಂತಾಯರು, ಮಕ್ಕಳಿಗೆ ಹೇಳಿದ ಕಥೆಗಳಲ್ಲಿ ಅರ್ಧಕ್ಕರ್ಧ ಆ ಕಾರಿನದ್ದೇ. ಮದುವೆಯ ದಿಬ್ಬಣ ಹೋದದ್ದು ಅದರಲ್ಲಿ, ಚಾರ್ಮಾಡಿ ಘಾಟಿ ಹತ್ತಿದ್ದು ಅದರಲ್ಲಿ. "ಬಂಟ್ವಾಳದ ಯಾರಿಗೋ ಮಾರಿದೆ" ಎಂಬಲ್ಲಿಗೆ ಕಥೆ ಮುಗಿಯುತ್ತಿತ್ತು.

ಮಸ್ಕತ್‌ನಲ್ಲಿ ಹದಿನೈದು ವರ್ಷ ದುಡಿದು ಬಂದು ಬಿ.ಸಿ. ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದ ಸುರಕ್ಷಾಳಿಗೆ ಕಾರು ಸಿಕ್ಕಿದ್ದು ಹೊಳೆಯ ಆಚೆ ದಡದ ಪಾಣೆಮಂಗಳೂರಿನಲ್ಲೇ. ಮರದ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಟರ್ಪಾಲು ಹೊದ್ದು ನಿಂತಿತ್ತು. ವ್ಯಾಪಾರಿ ತೀರಿಹೋಗಿದ್ದರು. ಕಾಗದಪತ್ರ ತಂದುಕೊಟ್ಟವಳು ಅವರ ಮಗಳು ಜುಲೈಕಾ.

ಎಂಜಿನು ಬಿಚ್ಚಿಸಿ, ಹೊಸದಾಗಿ ದಂತದ ಬಣ್ಣ ಹೊಡೆಸುವುದಕ್ಕೆ ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸುರಕ್ಷಾಳಿಗೆ ಇನ್ನೊಂದು ಆಸೆ ಹುಟ್ಟಿತು. ಈ ಕಾರನ್ನು ಇಟ್ಟುಕೊಂಡಿದ್ದವರನ್ನೆಲ್ಲ ಹುಡುಕಿ, ಅವರನ್ನೋ ಅವರ ಮಕ್ಕಳನ್ನೋ ಕಾರಿನ ಪಕ್ಕ ನಿಲ್ಲಿಸಿ, ಒಂದು ಆಲ್ಬಮ್ ಮಾಡಿ ಅಪ್ಪನ ಕೈಗಿಡಬೇಕು. ಆರ್‌ಸಿ ಪುಸ್ತಕದಲ್ಲಿ ನಾಲ್ಕು ಹೆಸರಿದ್ದವು. ಮೊದಲನೆಯವರು ಮೂಡುಬಿದಿರೆಯ ಡಾಕ್ಟರು. ಎರಡನೆಯದು ಅಪ್ಪ. ನಾಲ್ಕನೆಯವರು ಜುಲೈಕಾಳ ತಂದೆ. ನಡುವೆ ಮೂರನೆಯದಾಗಿ ಅವಳು ಎಂದೂ ಕೇಳದ ಹೆಸರು: ಹುಕ್ರಪ್ಪ, ಮುಂಡಾಜೆ. ಜೂನ್ 1978ರಿಂದ ಹನ್ನೊಂದು ತಿಂಗಳು.

"ನಮ್ಮ ತಂದೆ ಹೇಳ್ತಿದ್ರು," ಜುಲೈಕಾ ನೆನಪಿಸಿಕೊಂಡಳು, "ಕಾರು ಒಬ್ಬನ ಹೆಸರಲ್ಲಿತ್ತು, ಮಾತಾಡಿ ಕೊಟ್ಟದ್ದು ಬೇರೆಯವರು ಅಂತ. ಎಂತ ವಿಷಯವೋ ಗೊತ್ತಿಲ್ಲ."

ಸುರಕ್ಷಾ ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹುಟ್ಟುಹಬ್ಬಕ್ಕೆ ಒಂದು ವಾರ ಇರುವಾಗ ಅವಳು ಹೆರಾಲ್ಡನ್ನೇ ಓಡಿಸಿಕೊಂಡು ಮುಂಡಾಜೆಗೆ ಹೋದಳು. ರಸ್ತೆ ಬದಿಯ ಅಂಗಡಿಯಲ್ಲಿ ವಿಚಾರಿಸಿದಾಗ ಬೆಂಚಿನ ಮೇಲಿದ್ದವರು ಮುಖ ಮುಖ ನೋಡಿಕೊಂಡು ನಕ್ಕರು. "ಕಾರು ಹುಕ್ರಪ್ಪನಾ? ಆ ಏರು ಹತ್ತಿ, ಎಡಕ್ಕೆ."

ಹೆಂಚಿನ ಸಣ್ಣ ಮನೆ. ಒಬ್ಬನೇ ಮುದುಕ ಅಂಗಳದಲ್ಲಿ ರಬ್ಬರ್ ಶೀಟುಗಳನ್ನು ಒಣಗಲು ಹಾಕುತ್ತಿದ್ದ. ಕಾರು ಕಂಡದ್ದೇ ಕೈಯಲ್ಲಿದ್ದ ಶೀಟು ಕೆಳಗೆ ಬಿತ್ತು. ಹೆಕ್ಕಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತ.

"ನಾನು ಮೂಡುಬಿದಿರೆ ಅಡ್ಯಂತಾಯರ ಮಗಳು," ಎಂದಳು.

"ಧನಿ ಕರೆದ್ರಾ?"

"ಅವರ ಹುಟ್ಟುಹಬ್ಬ ಉಂಟು. ನೀವು ಬರಬೇಕು."

"ಧನಿಯೇ ಕರೆದದ್ದಾ?" ಆತ ಮತ್ತೆ ಕೇಳಿದ.

ಅಪ್ಪನಿಗೆ ಇದೆಲ್ಲ ಹುಟ್ಟುಹಬ್ಬದ ದಿನವೇ ತಿಳಿಯಬೇಕೆಂದಿದ್ದ ಸುರಕ್ಷಾ ಹೌದೆಂದುಬಿಟ್ಟಳು. ಹುಕ್ರಪ್ಪ ಕೆಳಗೆ ಬಿದ್ದಿದ್ದ ಶೀಟನ್ನು ಹೆಕ್ಕಿ ಒಣಗಲು ಹಾಕಿದ. ಆಮೇಲೆ, "ಬರ್ತೇನೆ ಅಮ್ಮ," ಎಂದ. ಫೋಟೋಕ್ಕೆ ಮಾತ್ರ ನಿಲ್ಲಲು ಒಪ್ಪಲಿಲ್ಲ.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಅವನು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಎರಡು ಬಸ್ಸು ಬದಲಿಸಿ ಬಂದ. ಮೂಡುಬಿದಿರೆಯ ಮನೆಯ ಅಂಗಳದಲ್ಲಿ ಚಪ್ಪರ, ಇನ್ನೂರು ಜನ. ಹೆರಾಲ್ಡಿನ ಮೇಲಿನ ಹೊದಿಕೆ ತೆಗೆದಾಗ ಅಣ್ಣು ಅಡ್ಯಂತಾಯರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಬಾನೆಟ್ಟು ಸವರಿದರು, ಹಾರನ್ನು ಒತ್ತಿದರು. ಸುರಕ್ಷಾ ಅಪ್ಪನ ಕಿವಿಯಲ್ಲಿ, "ಇನ್ನೊಬ್ಬರು ಬಂದಿದ್ದಾರೆ," ಎಂದು ಹುಕ್ರಪ್ಪನನ್ನು ಮುಂದೆ ಕರೆದಳು.

ಅಡ್ಯಂತಾಯರು ಒಂದು ಕ್ಷಣ ಕಣ್ಣು ಕಿರಿದು ಮಾಡಿದರು. ಮರುಕ್ಷಣ ದೊಡ್ಡದಾಗಿ ನಕ್ಕರು.

"ಓ ಹುಕ್ರ! ಇನ್ನೂ ಬದುಕಿದ್ದೀಯಾ? ನೋಡಿ ಮಾರಾಯ್ರೆ, ಇವ ಯಾರು ಗೊತ್ತುಂಟಾ? ನನ್ನ ಕಾರಿನ ಓನರು!"

ಜನ ನಕ್ಕರು. ಸವೆದ ಚಪ್ಪಲಿಯ ಆ ಮುದುಕನನ್ನೂ ಹೊಳೆಯುವ ಕಾರನ್ನೂ ನೋಡಿದವರಿಗೆ ಅದೊಂದು ಒಳ್ಳೆಯ ತಮಾಷೆಯಾಗಿ ಕಂಡಿತು.

"ಕೂತ್ಕೊ, ಕೂತ್ಕೊ. ಒಂದು ಸುತ್ತು ಹೊಡೆ, ಎಲ್ಲರೂ ನೋಡಲಿ."

"ಬೇಡ ಧನಿ. ನಾನು ಸ್ಟೇರಿಂಗ್ ಮುಟ್ಟದೆ ನಲ್ವತ್ತಾರು ವರ್ಷ ಆಯ್ತು."

"ಹತ್ತು ಮಾರಾಯ! ಹುಟ್ಟುಹಬ್ಬದ ದಿನ ನನ್ನ ಮಾತು ತೆಗೆದುಹಾಕ್ತೀಯಾ?"

ಯಾರೋ ಅವನ ಹೆಗಲು ಹಿಡಿದು ಸೀಟಿಗೆ ತಳ್ಳಿದರು. ಮೊಬೈಲುಗಳು ಮೇಲೆದ್ದವು. ಸುರಕ್ಷಾಳೂ ನಗುತ್ತ ವಿಡಿಯೋ ಮಾಡಿದಳು. ಕಾರು ಎರಡು ಸಲ ಕುಪ್ಪಳಿಸಿ ನಿಂತಿತು. ಮೂರನೆಯ ಸಲ ನಡುಗುತ್ತ ಮುಂದೆ ಬಂತು. ಆಗ ಅಡ್ಯಂತಾಯರು ಮೈಕು ಕೈಗೆತ್ತಿಕೊಂಡು ಕೂಗಿದರು: "ಜಾಗ್ರತೆ ಹುಕ್ರ! ಪುನಃ ಯಾರನ್ನಾದ್ರೂ ಕೊಂದುಬಿಟ್ಟೀಯ!"

ನಗು ಇನ್ನೂ ಜೋರಾಯಿತು. ಹುಕ್ರಪ್ಪ ಎಂಜಿನು ಆರಿಸಿ, ಇಳಿದು, ಧನಿಗೆ ಕೈಮುಗಿದು, ಚಪ್ಪರದ ಕೊನೆಯ ಸಾಲಿನಲ್ಲಿ ಹೋಗಿ ಕುಳಿತ. ಊಟಕ್ಕೆ ಬಡಿಸಿದ್ದನ್ನು ಮುಟ್ಟಲಿಲ್ಲ.

ಸಂಜೆ ಅವನನ್ನು ಅದೇ ಕಾರಿನಲ್ಲಿ ಬಿಟ್ಟುಬರಲು ಸುರಕ್ಷಾಳೇ ಹೊರಟಳು. 'ಪುನಃ' ಎಂಬ ಆ ಒಂದು ಮಾತು ಅವಳ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಆದರೆ ಕೇಳುವುದು ಹೇಗೆಂದು ತೋಚಲಿಲ್ಲ. ಬೆಳ್ತಂಗಡಿ ದಾಟಿ ಲಾಯಿಲದ ಹತ್ತಿರ ಬಂದಾಗ ಹುಕ್ರಪ್ಪನೇ ಕೈ ತೋರಿಸಿದ.

"ಇಲ್ಲಿ. ಆ ಮೋರಿಯ ಹತ್ತಿರ. ಕೂಸಪ್ಪ ಅಂತ. ಸೈಕಲಲ್ಲಿ ಬರ್ತಾ ಇದ್ದ. ನಾನು ಹಿಂದಿನ ಸೀಟಿನಲ್ಲಿದ್ದೆ."

"ಹಿಂದಿನ ಸೀಟಿನಲ್ಲಾ? ಮತ್ತೆ ಬಿಟ್ಟದ್ದು ಯಾರು?"

ಅವನು ಆಶ್ಚರ್ಯದಿಂದ ಅವಳ ಮುಖ ನೋಡಿದ. "ನಿಮಗೆ ಗೊತ್ತಿಲ್ವಾ? ಧನಿ."

ಸುರಕ್ಷಾ ಕಾರನ್ನು ಬದಿಗೆ ನಿಲ್ಲಿಸಿದಳು. ಹುಕ್ರಪ್ಪ ಯಾರದೋ ಸುದ್ದಿ ಹೇಳುವವನ ಹಾಗೆ ಹೇಳಿದ. ಆಗ ಅವನು ಧನಿಯ ಮನೆಯಲ್ಲಿ ಕೆಲಸಕ್ಕಿದ್ದ, ಆಗಾಗ ಕಾರನ್ನೂ ಬಿಡುತ್ತಿದ್ದ. ಕಾರಿನ ಇನ್ಶೂರೆನ್ಸು ಮುಗಿದಿತ್ತು, ಪರಿಹಾರವನ್ನು ಮಾಲೀಕನೇ ಕೊಡಬೇಕಿತ್ತು. ಮರುದಿನ ಧನಿ ಅವನನ್ನು ಮನೆಯ ಕಚೇರಿ ಕೋಣೆಗೆ ಕರೆದು ಕಾಗದಗಳಿಗೆ ಸಹಿ ಹಾಕಿಸಿದರು. ಅಪಘಾತಕ್ಕೆ ಮೂರು ದಿನ ಮೊದಲೇ ಕಾರು ಅವನಿಗೆ ಮಾರಿಯಾಗಿದೆ ಎಂದು ಅದರಲ್ಲಿ ಬರೆದಿತ್ತು. ಜೈಲಿನಿಂದ ಹೊರಗೆ ಬಂದ ಮೇಲೆ ಜೀವಮಾನವಿಡೀ ನೋಡಿಕೊಳ್ಳುತ್ತೇನೆ ಎಂದಿದ್ದರು. ಡ್ರೈವರನೂ ಅವನೇ, ಮಾಲೀಕನೂ ಅವನೇ ಆಗಿ ಹುಕ್ರಪ್ಪ ಒಂದೂವರೆ ವರ್ಷ ಜೈಲಿನಲ್ಲಿದ್ದ. ಕೂಸಪ್ಪನ ಮನೆಯವರಿಗೆ ಪರಿಹಾರ ಕೊಡಲು ಹುಕ್ರಪ್ಪನ ತಾಯಿ ಇದ್ದೊಂದು ಗದ್ದೆಯನ್ನೂ ಮಾರಿ, ಅದೇ ಕೊರಗಿನಲ್ಲಿ ಸತ್ತರು. ಅವನು ಒಳಗಿರುವಾಗಲೇ ಕಾರು ಪಾಣೆಮಂಗಳೂರಿಗೆ ಹೋಯಿತು. ಬಿಡುಗಡೆಯ ದಿನ ನೇರ ಮೂಡುಬಿದಿರೆಗೆ ನಡೆದಿದ್ದ. ಜೈಲಿಗೆ ಹೋಗಿ ಬಂದವನನ್ನು ಮನೆಯೊಳಗೆ ಸೇರಿಸಲಾಗುವುದಿಲ್ಲ ಎಂದು ಧನಿ ಗೇಟಿನಿಂದಲೇ ಕಳಿಸಿದ್ದರು.

"ನಾನಲ್ಲ ಅಂತ ಹತ್ತು ವರ್ಷ ಹೇಳಿದೆ. ಒಬ್ಬನೂ ನಂಬಲಿಲ್ಲ. ಕೊನೆಗೆ ನಾನೇ ಕೊಂದದ್ದು ಅಂತ ಕೂಸಪ್ಪನ ಹೆಂಡತಿ ಸೇಸಮ್ಮನ ಕಾಲು ಹಿಡಿದೆ. ಅವರು ಕ್ಷಮಿಸಿದ್ರು. ಆಮೇಲೆ ಊರವರು ನನ್ನನ್ನು ಮದುವೆ ಮುಂಜಿಗೆ ಕರೆಯಲಿಕ್ಕೆ ಶುರು ಮಾಡಿದ್ರು. ಈಗ ಸೇಸಮ್ಮ ನನ್ನನ್ನು ತಮ್ಮ ಅಂತ ಕರೀತಾರೆ." ಆಮೇಲೆ ಅವಳ ಕಡೆ ತಿರುಗಿ ಕೇಳಿದ: "ಧನಿ ಏನಾದ್ರೂ ಹೇಳಿದ್ರಾ ಅಮ್ಮ? ಕೊನೆಗಾಲದಲ್ಲಿ ಒಂದು ಮಾತು ಹೇಳಲಿಕ್ಕೆ ಕರೆದಿರಬಹುದು ಅಂತ ಬಂದದ್ದು."

ಕರೆದದ್ದು ತಾನೆಂದು ಅವಳು ಆಗ ಹೇಳಬೇಕಾಯಿತು. ಹುಕ್ರಪ್ಪ ತಲೆಯಾಡಿಸಿದ. ಮುಂಡಾಜೆಯಲ್ಲಿ ಅಂಗಡಿಗಿಂತ ಬಹಳ ಹಿಂದೆಯೇ ಇಳಿದುಕೊಂಡು, ಕಾರು ತಿರುಗುವವರೆಗೂ ರಸ್ತೆಗೆ ಬೆನ್ನು ಹಾಕಿ ನಿಂತ.

ಮರುದಿನ ಅಡ್ಯಂತಾಯರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಮಗಳ ಪ್ರಶ್ನೆಗೆ ಪೇಪರು ಮಡಚಿದರು, ಅಷ್ಟೆ.

"ಮದುವೆಯಾಗಿ ಎರಡು ತಿಂಗಳಾಗಿತ್ತು ನನಗೆ. ನಾನು ಜೈಲಿಗೆ ಹೋಗ್ಬೇಕಿತ್ತಾ? ನಿನ್ನ ಅಮ್ಮ ಕಾಯ್ತಾ ಕೂತ್ಕೊಳ್ಳುತ್ತಿದ್ದಳಾ? ನೀನು ಹುಟ್ಟುತ್ತಿದ್ದೆಯಾ?"

"ಅವನ ಬದುಕು ಹೋಯ್ತಲ್ಲ ಅಪ್ಪ."

"ಎಂತ ಹೋದದ್ದು? ಇಲ್ಲದಿದ್ರೆ ಅವನ ಹೆಸರು ಯಾರಿಗೆ ಗೊತ್ತಿರ್ತಿತ್ತು? ಈಗ ಊರಿಡೀ ಕಾರು ಹುಕ್ರಪ್ಪ ಅಂತ ಕರೀತದೆ." ಪೇಪರು ಮತ್ತೆ ಬಿಡಿಸಿದರು. "ಹೆಸರಾದ್ರೂ ಸಿಕ್ಕಿತು."

ಸುರಕ್ಷಾ ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ತನ್ನ ಬೇರೆ ಕಾರಿನಲ್ಲಿ ಮುಂಡಾಜೆಗೆ ಹೋದಳು. ಹುಕ್ರಪ್ಪನ ಅಂಗಳದಲ್ಲಿ ಎಪ್ಪತ್ತರ ಹೆಂಗಸೊಬ್ಬಳು ನಿಂತು ಕೂಗಾಡುತ್ತಿದ್ದಳು. ಲಾಯಿಲದಿಂದ ಬಂದ ಸೇಸಮ್ಮ. ಹುಟ್ಟುಹಬ್ಬದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಅವಳ ಮನೆಯನ್ನೂ ತಲುಪಿತ್ತು.

"ನನ್ನ ಗಂಡನನ್ನು ಕೊಂದ ಕಾರಲ್ಲಿ ಆಟ ಆಡಲಿಕ್ಕೆ ಹೋದ್ಯಾ? ಅಷ್ಟು ಜನ ನಗುವಾಗ ನಿನಗೆ ಏನೂ ಅನ್ನಿಸಲಿಲ್ವಾ?"

ಹುಕ್ರಪ್ಪ ತಲೆ ತಗ್ಗಿಸಿ ನಿಂತಿದ್ದ. "ತಪ್ಪಾಯ್ತು ಅಕ್ಕ," ಎಂದಷ್ಟೇ ಅಂದ. ಸುರಕ್ಷಾಳನ್ನು ಕಂಡು, ಬೇಡ ಎಂಬಂತೆ ತಲೆಯಾಡಿಸಿದ. ಅವಳಿಗೆ ಅದು ಕಂಡಿತು. ಆದರೂ ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಅವರು ಕೊಂದದ್ದಲ್ಲ ಸೇಸಮ್ಮ. ಅವತ್ತು ಕಾರು ಬಿಟ್ಟದ್ದು ನನ್ನ ಅಪ್ಪ."

ಸೇಸಮ್ಮ ಅವಳನ್ನೊಮ್ಮೆ, ಹುಕ್ರಪ್ಪನನ್ನೊಮ್ಮೆ ನೋಡಿದಳು. "ಹೌದಾ?"

ಹುಕ್ರಪ್ಪ ಮುಖ ತಿರುಗಿಸಿದ.

"ಹಾಗಾದ್ರೆ ನನ್ನ ಕಾಲು ಹಿಡಿದದ್ದು ಯಾಕೆ? ನನ್ನ ಮುಂದೆ ಅತ್ತದ್ದು ಯಾಕೆ?" ಸೇಸಮ್ಮನ ದನಿ ಇಳಿಯಿತು. "ನಿನ್ನನ್ನು ಕ್ಷಮಿಸಲಿಕ್ಕೆ ನಾನು ಎಷ್ಟು ಕಷ್ಟಪಟ್ಟೆ ಅಂತ ಗೊತ್ತುಂಟಾ ನಿನಗೆ? ಕೊಂದವ ಅಲ್ಲಿ ಆರಾಮ ಕೂತಿದ್ದ. ಅದು ಗೊತ್ತಿದ್ದೂ ನೀನು ಮೂವತ್ತು ವರ್ಷ ನನ್ನ ಮನೆಯಲ್ಲಿ ಊಟ ಮಾಡಿದ್ದೀ."

"ಅಕ್ಕ..."

"ಕರೀಬೇಡ ಹಾಗೆ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏರು ಇಳಿದು ಹೋದಳು. ಹುಕ್ರಪ್ಪ ಬೇಲಿಯ ದಣಪೆಯವರೆಗೆ ಹಿಂದೆ ಹೋದವನು ಅಲ್ಲೇ ನಿಂತ. ಎಷ್ಟೋ ಹೊತ್ತಿನ ಮೇಲೆ ತಿರುಗಿ ಬಂದು ಸುರಕ್ಷಾಳ ಮುಂದೆ ನಿಂತು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ಮನಸ್ಸಿಗೆ ಈಗ ಸಮಾಧಾನ ಆಯ್ತಾ ಅಮ್ಮ?"

ಸೇಸಮ್ಮ ಮತ್ತೆ ಆ ಕಡೆ ಬರಲಿಲ್ಲ. ಮೂಡುಬಿದಿರೆಗೂ ಬಂದು ಕೇಳಲಿಲ್ಲ. ಅಡ್ಯಂತಾಯರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹುಕ್ರಪ್ಪ ಮಾತ್ರ ಮುಂಡಾಜೆಯಲ್ಲಿ ಈ ಮಾತು ನಂಬದವರಿಗೆ ಕೊಲೆಗಾರನಾಗಿಯೇ ಉಳಿದು, ನಂಬಿದವರಿಗೆ ಸುಳ್ಳುಗಾರನಾದ. ಆ ವರ್ಷ ಅವನಿಗೆ ಒಂದು ಮದುವೆಯ ಕರೆಯೂ ಬರಲಿಲ್ಲ.

ಹೆರಾಲ್ಡನ್ನು ಮಾರಿಬಿಡಬೇಕೆಂದು ಸುರಕ್ಷಾ ಎರಡು ಸಲ ಯೋಚಿಸಿದಳು. ಮಾರಲಿಲ್ಲ. ಅಪ್ಪನಿಗೆ ಅದು ತುಂಬ ಇಷ್ಟವಾಗಿತ್ತು. ಭಾನುವಾರ ಬೆಳಿಗ್ಗೆ ಅವರು ತೊಳೆದ ಪಂಚೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತು, "ಹೋಗುವ," ಎನ್ನುತ್ತಿದ್ದರು. ಅವಳು ಕಾರು ಬಿಡುತ್ತಿದ್ದಳು.