ಜೇನಿಗೆ ಹೇಳಿದ ಸಾವು

ನಾನು ಒಂದು ಕಬ್ಬಿಣದ ಬೀಗದಕೈ. ಇಂಗ್ಲೆಂಡಿನ ಒಂದು ಹಳ್ಳಿಯ ಕುಲುಮೆಯಲ್ಲಿ ಹುಟ್ಟಿದವನು. ಗೇಣುದ್ದ ಇದ್ದೇನೆ, ತೂಕವೂ ಇದೆ. ಈಗಿನ ತಗಡಿನಂಥ ಬೀಗದಕೈಗಳನ್ನು ಕಂಡರೆ ನನಗೆ ನಗು ಬರುತ್ತದೆ. ಆಲ್ಕಾಕ್ ಮನೆತನದವರು ನನ್ನನ್ನು ಮಾಡಿಸಿದ್ದು ಬಾಗಿಲಿಗೆಂದೇ. ಆದರೆ ನನ್ನ ದೊಡ್ಡ ಕೆಲಸ ಬೇರೆಯಿತ್ತು.

ಅಲ್ಲಿ ಜೇನು ಸಾಕುವವರದು ಒಂದು ಕಟ್ಟಳೆ. ಮನೆಯಲ್ಲಿ ಯಾರು ಹುಟ್ಟಲಿ, ಯಾರು ಸಾಯಲಿ, ಹಿತ್ತಲಿನ ಜೇನಿಗೆ ತಿಳಿಸಲೇಬೇಕು. ಬೀಗದಕೈಯಿಂದ ಗೂಡನ್ನು ಮೂರು ಸಲ ತಟ್ಟಿ ಹೆಸರು ಹೇಳಬೇಕು. ಗೂಡು ಗುಂಯ್ ಎಂದರೆ ಸುದ್ದಿ ಸಂದಂತೆ. ಸತ್ತ ಸುದ್ದಿಯಾದರೆ ಗೂಡಿಗೆ ಕರಿಬಟ್ಟೆ ಕಟ್ಟಬೇಕು. "ಜೇನಿಗೆ ಹೇಳದ ಸಾವು ಸಾವೇ ಅಲ್ಲ" ಎನ್ನುತ್ತಿದ್ದಳು ಮನೆಯ ಮುದುಕಿ.

ಅವಳ ಮಗ ರೂಬೆನ್ ಮನೆ ಮಾರಿ ಅಮೆರಿಕಕ್ಕೆ ಹೊರಟ. ಮುದುಕಿ ಬಾಗಿಲು, ಬೀಗ ಎಲ್ಲವನ್ನೂ ಕೊಂಡವರಿಗೆ ಬಿಟ್ಟು, ನನ್ನನ್ನು ಮಾತ್ರ ಸೊಸೆ ಹೆಸ್ಟರಳ ಕೈಗಿಟ್ಟಳು. ಹಡಗು, ಎತ್ತಿನ ಬಂಡಿ, ಕೊನೆಗೆ ನೆಬ್ರಾಸ್ಕದ ಬಯಲು. ಅಲ್ಲಿ ಮರವಿಲ್ಲ, ಕಲ್ಲಿಲ್ಲ. ಹುಲ್ಲುನೆಲವನ್ನು ಬೇರುಸಹಿತ ಹೆಂಟೆಹೆಂಟೆಯಾಗಿ ಕತ್ತರಿಸಿ ಗೋಡೆ ಎಬ್ಬಿಸಿದರು. ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟರು. ಗೋಣಿತಟ್ಟಿಗೆ ನಾನೊಬ್ಬ ಬೀಗದಕೈ! ನಾಚಿಕೆಯಿಂದ ಮೊಳೆಗೆ ನೇತುಬಿದ್ದೆ. ಆದರೆ ಹೆಸ್ಟರ್ ದಾರಿಯುದ್ದಕ್ಕೂ ಮಡಿಲಲ್ಲಿಟ್ಟು ತಂದ ಜೇನುಗೂಡೊಂದಿತ್ತು, ಹುಲ್ಲಿನಿಂದ ಹೆಣೆದ ಬುಟ್ಟಿ. ಮಗಳು ಡಾರ್ಕಸ್ ಹುಟ್ಟಿದಾಗ ಅದಕ್ಕೆ ಸುದ್ದಿ ತಟ್ಟಿದ್ದು ನಾನೇ.

ಡಾರ್ಕಸಳಿಗೆ ಆರು ವರ್ಷವಾಗಿದ್ದ ಚಳಿಗಾಲ ರೂಬೆನ್ ಹಿಟ್ಟು ತರಲು ಪೇಟೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಹಿಮದ ಬಿರುಗಾಳಿ ಎದ್ದಿತು. ಹತ್ತನೆಯ ದಿನ ನೆರೆಯವರು ಅವನ ಕೋಟು ತಂದುಕೊಟ್ಟರು. ಅದು ಸತ್ತ ಕುದುರೆಯ ಬಳಿ ಸಿಕ್ಕಿತ್ತು. ಹೆಸ್ಟರ್ ಅಳಲಿಲ್ಲ. ನನ್ನನ್ನು ಹಿಡಿದು ನೇರ ಗೂಡಿನ ಬಳಿ ಹೋದಳು.

"ನಿಮ್ಮ ಯಜಮಾನ ರೂಬೆನ್ ತೀರ್ಕೊಂಡ. ನೀವಾದ್ರೂ ನಮ್ಮನ್ನ ಬಿಟ್ಟುಹೋಗ್ಬೇಡಿ."

ಗೂಡು ಗುಂಯ್ ಎಂದಿತು. ಅವಳು ಕರಿಬಟ್ಟೆ ಕಟ್ಟಿದಳು.

ಹನ್ನೆರಡನೆಯ ದಿನ ರೂಬೆನ್ ನಡೆದುಕೊಂಡು ಬಂದ. ಬೇಟೆಗಾರನೊಬ್ಬನ ಗುಡಿಸಲಲ್ಲಿ ಜೀವ ಉಳಿದಿತ್ತಂತೆ. ಎಡಗೈಯ ಎರಡು ಬೆರಳು ಮಾತ್ರ ಹಿಮಕ್ಕೆ ಹೋಗಿದ್ದವು. ಕರಿಬಟ್ಟೆ ಕಂಡು ಅವನು ನಕ್ಕುಬಿಟ್ಟ. "ಇಷ್ಟು ಬೇಗ ಕಳಿಸ್ಬಿಟ್ಯಾ ನನ್ನ?"

ಹೆಸ್ಟರ್ ನಗಲಿಲ್ಲ. ಬಟ್ಟೆ ಕಿತ್ತೆಸೆದು, ಗೂಡು ತಟ್ಟಿ, "ತಪ್ಪಾಯ್ತು, ಬಂದಿದಾನೆ" ಎಂದಳು. ಗೂಡು ಸದ್ದು ಮಾಡಲಿಲ್ಲ. ಸಾವನ್ನು ತಿಳಿಸುವ ಕ್ರಮವಿತ್ತು, ಅದನ್ನು ಹಿಂದಕ್ಕೆ ಪಡೆಯುವ ಕ್ರಮ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವಸಂತದಲ್ಲಿ ಜೇನು ಹೊರಬಂತು. ಎದುರಿಗೆ ಯಾರಿದ್ದರೂ ಬಳಸಿಕೊಂಡು ಹೋಗುವ ಹುಳುಗಳು, ರೂಬೆನ್ ನಿಂತರೆ ಅಲ್ಲಿ ಯಾರೂ ಇಲ್ಲವೆಂಬಂತೆ ನೇರ ಅವನ ಎದೆಗೆ ಬಡಿದು ಉದುರುತ್ತಿದ್ದವು. ಆಮೇಲೆ ನಾಯಿ ಅವನ ಕರೆಗೆ ತಲೆ ಎತ್ತುವುದನ್ನು ಬಿಟ್ಟಿತು. ನೆರೆಯವರು ಅವನ ಎದುರೇ ಹೆಸ್ಟರಳನ್ನು ವಿಧವೆಯೆಂದು ಮರುಗಿದರು. ನಾನು ಮೊಳೆಯಿಂದ ಎಲ್ಲ ನೋಡುತ್ತಿದ್ದೆ. ನನಗೆ ಭಯವಾಗುತ್ತಿತ್ತು.

ಒಂದು ದಿನ ಊಟಕ್ಕೆ ಹೆಸ್ಟರ್ ಎರಡೇ ತಟ್ಟೆ ಇಟ್ಟಳು.

"ಅಮ್ಮ, ಅಪ್ಪನ ತಟ್ಟೆ?"

"ಯಾರ ತಟ್ಟೆ?" ಎಂದಳು ಹೆಸ್ಟರ್. ಎದುರಿಗೇ ಕೂತಿದ್ದ ರೂಬೆನ್ ಮುಖ ಮುಚ್ಚಿಕೊಂಡ.

ಡಾರ್ಕಸ್ ಸ್ಟೂಲು ಹತ್ತಿ ನನ್ನನ್ನು ಇಳಿಸಿಕೊಂಡಳು. ಗೂಡಿಗೆ ಮೂರು ಸಲ ತಟ್ಟಿದಳು. "ನಮ್ಮನೇಲಿ ಒಬ್ರು ಹುಟ್ಟಿದಾರೆ. ಹೆಸ್ರು ರೂಬೆನ್."

ದೊಡ್ಡವರಿಗೆ ಹೊಳೆಯದ್ದು ಮಗುವಿಗೆ ಹೊಳೆದಿತ್ತು. ಗೂಡು ಗುಂಯ್ ಎಂದಿತು. ಒಳಗಿನಿಂದ ಹೆಸ್ಟರಳ ಅಳು ಕೇಳಿಸಿತು. ಅವಳು ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು.

ಆಮೇಲೆ ಬಹಳ ವರ್ಷ ಚೆನ್ನಾಗಿಯೇ ಇದ್ದರು. ಹೆಸ್ಟರ್ ಹೋದಾಗ ರೂಬೆನ್‌ನೇ ಜೇನಿಗೆ ತಿಳಿಸಿದ. ಮರುವರ್ಷ ಬಯಲಿನ ಹುಲ್ಲಿಗೆ ಹತ್ತಿದ ಬೆಂಕಿಯಲ್ಲಿ ಗೂಡು ಸುಟ್ಟುಹೋಯಿತು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ರೂಬೆನ್ ಹಾಸಿಗೆಯಲ್ಲೇ ತೀರಿಕೊಂಡ. ಡಾರ್ಕಸಳ ಕೈಯಲ್ಲಿ ನಾನಿದ್ದೆ, ತಟ್ಟಲು ಗೂಡಿರಲಿಲ್ಲ. ನೆರೆಯವರ ಗೂಡನ್ನು ತಟ್ಟಿ ನೋಡಿದಳು. ಪರರ ಮನೆಯ ಸಾವು ಅವಕ್ಕೇಕೆ? ಅವು ಸುಮ್ಮನಿದ್ದವು.

ಈಗ ನಾನು ಆ ಪೇಟೆಯ ಪುಟ್ಟ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. "ಹಳೆಯ ಬೀಗದಕೈ, ಯಾವ ಬಾಗಿಲಿನದೋ ತಿಳಿಯದು" ಎಂದು ಚೀಟಿ ಅಂಟಿಸಿದ್ದಾರೆ. ಕೊಟ್ಟವಳು ಡಾರ್ಕಸ್. ಅವಳೂ ಹೋಗಿ ಎಷ್ಟೋ ಕಾಲವಾಯಿತು.

ಪ್ರತಿ ವಸಂತದಲ್ಲೂ ಒಬ್ಬ ಮುದುಕ ಬರುತ್ತಾನೆ. ಟಿಕೆಟು ಹರಿಯುವ ಹೆಂಗಸು ಅವನತ್ತ ನೋಡುವುದಿಲ್ಲ. ಎಡಗೈಯ ಮೂರು ಬೆರಳಿನಿಂದ ಗಾಜನ್ನು ಮೂರು ಸಲ ತಟ್ಟಿ, "ಯಾರಾದ್ರೂ ಜೇನಿಗೆ ಹೇಳ್ಬಾರ್ದಾ?" ಎನ್ನುತ್ತಾನೆ. ನನಗೆ ಬಾಯಿಲ್ಲ. ಇದ್ದಿದ್ದರೆ ಎಂದೋ ಹೇಳಿಬಿಡುತ್ತಿದ್ದೆ.

ಮೊನ್ನೆ ಅವನು ನಿಂತಿದ್ದಾಗ ತೆರೆದ ಕಿಟಕಿಯಿಂದ ಒಂದು ಜೇನುಹುಳು ಒಳಗೆ ಬಂತು. ನೇರ ಅವನ ಎದೆಯತ್ತ ಹಾರಿತು. ಮುದುಕ ಟೋಪಿ ತೆಗೆದು, ಕಣ್ಣು ಮುಚ್ಚಿ, ಅಲುಗದೆ ನಿಂತ. ಬಡಿಯಲಿ, ದೇವರೇ, ಈ ಸಲವಾದರೂ ಬಡಿಯಲಿ ಎಂದುಕೊಂಡೆ.

ಹುಳು ಅವನನ್ನು ಬಳಸಿಕೊಂಡು ಹೋಯಿತು.